ಒತ್ತಡ ಬಂದಾಗ ಅಡ್ರಿನಲ್ ಗ್ರಂಥಿಯ ವಂಶವಾಹಿಗಳಲ್ಲಿ ಏನಾಗುತ್ತದೆ?

ಅಡ್ರಿನಲ್ ಗ್ರಂಥಿ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನಿನ ಹೆಸರು ಪ್ರಯೋಗಾಲಯದ ವರದಿಗಳಿಂದ ಹೊರಬಿದ್ದು ಈಗ ಎಲ್ಲರ ಮೊಬೈಲ್ ಪರದೆಗೆ ಬಂದಿದೆ. ಮುಖ ಊದಿಕೊಂಡರೂ ಕಾರ್ಟಿಸೋಲ್, ನಿದ್ದೆ ಬಾರದಿದ್ದರೂ ಕಾರ್ಟಿಸೋಲ್, ಹೊಟ್ಟೆಯ ಬೊಜ್ಜಿಗೂ ಅದೇ ಕಾರಣ ಎಂದು ಹೇಳುವ ಕಿರುವಿಡಿಯೊಗಳಿಗೆ ಲೆಕ್ಕವಿಲ್ಲ. ಅವುಗಳ ಬೆನ್ನಿಗೇ ‘ನಿಮ್ಮ ಅಡ್ರಿನಲ್ ಗ್ರಂಥಿ ದಣಿದಿದೆ’ ಎಂದು ಹೆದರಿಸಿ ಪುಡಿ, ಮಾತ್ರೆ ಮಾರುವವರೂ ಇದ್ದಾರೆ. ನಿಜಕ್ಕೂ ಸುಸ್ತಾಗಿರುವವರು ಇದನ್ನು ನಂಬಿದರೆ ಹಣ ಹೋಗುವುದು ಒಂದು ನಷ್ಟ. ಸರಿಯಾದ ತಪಾಸಣೆ ತಡವಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಒತ್ತಡದ ಹೊತ್ತಿನಲ್ಲಿ ಈ ಗ್ರಂಥಿಯ ಜೀವಕೋಶಗಳು ತಮ್ಮ ವಂಶವಾಹಿಗಳನ್ನು ಬಳಸುವ ರೀತಿಯೇ ಬದಲಾಗುತ್ತದೆ. ಕೆಲವು ವಂಶವಾಹಿಗಳು ಚುರುಕಾಗುತ್ತವೆ, ಮರುದಿನಕ್ಕೆ ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತವೆ, ಒತ್ತಡ ಮರುಕಳಿಸಿದರೆ ಇಳಿಯದೆ ಉಳಿಯುತ್ತವೆ. ಇದನ್ನು ಬುಡದಿಂದ ನೋಡೋಣ.

ಒಂದೇ ಗ್ರಂಥಿ, ಎರಡು ಹುಟ್ಟು

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕುಳಿತಿರುತ್ತದೆ. ವಯಸ್ಕರಲ್ಲಿ ಒಂದರ ತೂಕ ಸುಮಾರು 4ರಿಂದ 5 ಗ್ರಾಂ. ಅದನ್ನು ಕತ್ತರಿಸಿ ನೋಡಿದರೆ ಹಳದಿ ಬಣ್ಣದ ಹೊರಪದರ, ನಡುವೆ ಕಂದುಗೆಂಪು ತಿರುಳು ಕಾಣುತ್ತವೆ. ತಿರುಳು ಇಡೀ ಗ್ರಂಥಿಯ ಹತ್ತನೇ ಒಂದು ಭಾಗದಷ್ಟು ಮಾತ್ರ.

ಹೊರಪದರ ಸ್ಟೀರಾಯ್ಡ್ ಹಾರ್ಮೋನ್‌ಗಳನ್ನು ತಯಾರಿಸುತ್ತದೆ. ಉಪ್ಪು, ನೀರಿನ ಸಮತೋಲ ಕಾಯುವ ಆಲ್ಡೋಸ್ಟಿರೋನ್ ಒಂದು. ರಕ್ತದ ಸಕ್ಕರೆಯನ್ನು ಏರಿಸಿ, ಉರಿಯೂತವನ್ನು ತಗ್ಗಿಸಿ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವ ಕಾರ್ಟಿಸೋಲ್ ಇನ್ನೊಂದು. ತಿರುಳಿನಲ್ಲಿ ತಯಾರಾಗುವುದು ಅಡ್ರಿನಲಿನ್ ಮತ್ತು ಅದರ ಸಮೀಪದ ಬಂಧುವಾದ ನಾರ್‌ಅಡ್ರಿನಲಿನ್. ಎದೆ ಹೊಡೆದುಕೊಳ್ಳುವುದು, ಕಣ್ಣಪಾಪೆ ಹಿಗ್ಗುವುದು ಇವುಗಳ ಕೆಲಸ.

ಈ ಎರಡು ಭಾಗಗಳ ಹುಟ್ಟೇ ಬೇರೆ. ಭ್ರೂಣದಲ್ಲಿ ತಿರುಳಿನ ಕೋಶಗಳು ನರಮಂಡಲ ರೂಪುಗೊಳ್ಳುವ ಜಾಗದಿಂದ ವಲಸೆ ಬಂದು, ಬೇರೆಡೆ ಬೆಳೆಯುತ್ತಿರುವ ಹೊರಪದರದೊಳಗೆ ಸೇರಿಕೊಳ್ಳುತ್ತವೆ. ಎರಡು ಅಪರಿಚಿತ ಅಂಗಾಂಶಗಳು ಹೀಗೆ ಒಂದೇ ಕವಚದೊಳಗೆ ಬದುಕುವುದಕ್ಕೆ ಒಂದು ಬಲವಾದ ಕಾರಣವಿದೆ. ಈ ಲೇಖನದ ಜೀವಾಳವೇ ಅದು. ಅದಕ್ಕೆ ಮುಂದೆ ಬರುತ್ತೇನೆ.

ವಂಶವಾಹಿಯನ್ನು ‘ಓದುವುದು’ ಎಂದರೆ

ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲೂ ಅದೇ ಡಿಎನ್‌ಎ ಇದೆ. ಪ್ರೋಟೀನ್ ತಯಾರಿಸಲು ಬೇಕಾದ ಸುಮಾರು 20,000 ವಂಶವಾಹಿಗಳು ಅದರಲ್ಲಿವೆ. ಕಣ್ಣಿನ ಕೋಶದಲ್ಲೂ ಅಡ್ರಿನಲ್ ಕೋಶದಲ್ಲೂ ಪಠ್ಯ ಒಂದೇ. ಯಾವ ಪುಟಗಳನ್ನು, ಎಷ್ಟು ಸಲ ಓದಲಾಗುತ್ತದೆ ಎಂಬುದು ಬೇರೆ. ವಂಶವಾಹಿಯನ್ನು ಓದಿದಾಗ ಅದರ ಒಂದು ನಕಲು ತಯಾರಾಗುತ್ತದೆ. ಇದು ಸಂದೇಶ ಆರ್‌ಎನ್‌ಎ. ಆ ನಕಲನ್ನು ನೋಡಿಕೊಂಡು ಕೋಶ ಪ್ರೋಟೀನ್ ಕಟ್ಟುತ್ತದೆ. ಈ ಓದುವಿಕೆಯ ಏರಿಳಿತಕ್ಕೆ ವಿಜ್ಞಾನಿಗಳು ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಒತ್ತಡ ಬಂದಾಗ ಬದಲಾಗುವುದು ಇದು. ಡಿಎನ್‌ಎಯ ಅಕ್ಷರಗಳು ಹಾಗೆಯೇ ಇರುತ್ತವೆ.

ಮದುವೆ ಮನೆಯ ಅಡುಗೆ ಭಟ್ಟರನ್ನು ನೆನಪಿಸಿಕೊಳ್ಳಿ. ಅವರಿಗೆ ನೂರಾರು ಅಡುಗೆ ಗೊತ್ತು, ಆದರೆ ಇವತ್ತಿಗೆ ಯಾವುದು, ಎಷ್ಟು ಎಂಬುದನ್ನು ತೀರ್ಮಾನಿಸುವುದು ಮನೆಯವರು ಕೊಟ್ಟ ಪಟ್ಟಿ. ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದುಬಿಟ್ಟರೆ ಮೊದಲು ಮಾಡಿಟ್ಟದ್ದನ್ನು ಬಡಿಸುತ್ತಾರೆ. ಜೊತೆಗೇ ಒಲೆಯ ಉರಿ ಏರಿಸುತ್ತಾರೆ. ಸಾಲದೆಂದು ಕಂಡರೆ ಮತ್ತೆ ಅಕ್ಕಿ ತೊಳೆಯಲು ಹೇಳುತ್ತಾರೆ. ದಿನವೂ ಇಷ್ಟೇ ಜನ ಎಂದು ಗೊತ್ತಾದರೆ ಹೊಸ ಒಲೆ ಹೂಡಿ ಇನ್ನಷ್ಟು ಆಳುಗಳನ್ನು ಕರೆಸುತ್ತಾರೆ. ಅಡ್ರಿನಲ್ ಗ್ರಂಥಿಯಲ್ಲೂ ಇದೇ ಕ್ರಮವಿದೆ. ಕ್ಷಣಗಳಲ್ಲಿ ದಾಸ್ತಾನಿನ ಹಾರ್ಮೋನ್ ಹೊರಬರುತ್ತದೆ, ನಿಮಿಷಗಳಲ್ಲಿ ಇರುವ ಕಿಣ್ವಗಳು ಚುರುಕಾಗುತ್ತವೆ, ಗಂಟೆಗಳಲ್ಲಿ ವಂಶವಾಹಿಗಳ ಓದುವಿಕೆ ಏರಿ ಹೊಸ ಕಿಣ್ವಗಳು ತಯಾರಾಗುತ್ತವೆ, ಒತ್ತಡ ದಿನಗಟ್ಟಲೆ, ವಾರಗಟ್ಟಲೆ ಮುಂದುವರಿದರೆ ಗ್ರಂಥಿಯೇ ಹಿಗ್ಗುತ್ತದೆ.

ಕೊನೆಯ ಹಂತವನ್ನು ಹಂಗೇರಿ ಮೂಲದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲೇ ವರದಿ ಮಾಡಿದ್ದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅವರು ಇಲಿಗಳನ್ನು ಚಳಿಗೆ, ಗಾಯಕ್ಕೆ, ಅತಿಯಾದ ದೈಹಿಕ ಶ್ರಮಕ್ಕೆ ಒಡ್ಡಿದಾಗ, ಕಾರಣ ಯಾವುದೇ ಇದ್ದರೂ ಅಡ್ರಿನಲ್ ಗ್ರಂಥಿ ದೊಡ್ಡದಾಗುತ್ತಿತ್ತು.

ಆಜ್ಞೆ ಬರುವ ಎರಡು ದಾರಿಗಳು

ಮಿದುಳಿನಿಂದ ಅಡ್ರಿನಲ್ ಗ್ರಂಥಿಗೆ ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ. ಒಂದು ನರದ ದಾರಿ. ಬೆನ್ನುಹುರಿಯಿಂದ ಹೊರಟ ನರತಂತುಗಳು ನೇರವಾಗಿ ತಿರುಳಿನ ಕೋಶಗಳನ್ನು ಮುಟ್ಟಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಮೊದಲೇ ತುಂಬಿಟ್ಟ ಅಡ್ರಿನಲಿನ್ ಸೆಕೆಂಡುಗಳಲ್ಲಿ ರಕ್ತಕ್ಕೆ ಸೇರುತ್ತದೆ.

ಇನ್ನೊಂದು ರಕ್ತದ ದಾರಿ. ಮಿದುಳಿನ ಹೈಪೋಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ; ಅದರಿಂದ ಪ್ರಚೋದಿತವಾದ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನನ್ನು ರಕ್ತಕ್ಕೆ ಸೇರಿಸುತ್ತದೆ; ಅದು ಹರಿದು ಬಂದು ಅಡ್ರಿನಲ್ ಹೊರಪದರವನ್ನು ತಲುಪುತ್ತದೆ. ಇದಕ್ಕೆ ನಿಮಿಷಗಳು ಬೇಕು.

ಹೊರಪದರ: ದಾಸ್ತಾನಿಲ್ಲದ ತಯಾರಿಕೆ

ಕಾರ್ಟಿಸೋಲನ್ನು ಕೂಡಿಡಲು ಕೋಶಕ್ಕೆ ಸಾಧ್ಯವಿಲ್ಲ. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ತಯಾರಾದೊಡನೆ ಕೋಶದ ಪೊರೆ ದಾಟಿ ಹೊರಟುಹೋಗುತ್ತದೆ. ಹಾಗಾಗಿ ಬೇಕೆಂದಾಗಲೆಲ್ಲ ಹೊಸದಾಗಿ ತಯಾರಿಸಬೇಕು. ಕಚ್ಚಾವಸ್ತು, ನಾವೆಲ್ಲ ಹೃದಯದ ವೈರಿ ಎಂದೇ ಕೇಳಿರುವ ಕೊಲೆಸ್ಟರಾಲ್.

ಎಸಿಟಿಎಚ್ ಕೋಶದ ಮೇಲಿನ ಗ್ರಾಹಕಕ್ಕೆ (ಹಾರ್ಮೋನಿನ ಸಂದೇಶವನ್ನು ಹಿಡಿಯುವ ಪ್ರೋಟೀನಿಗೆ) ಅಂಟಿಕೊಂಡಾಗ ಕೋಶದೊಳಗೆ ಸಂಕೇತಗಳ ಸರಣಿ ಶುರುವಾಗುತ್ತದೆ. ಅದರ ಮೊದಲ ಫಲ ‘ಸ್ಟಾರ್’ ಎಂಬ ಪ್ರೋಟೀನ್ ಸಕ್ರಿಯವಾಗುವುದು. ಕೊಲೆಸ್ಟರಾಲನ್ನು, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಗೆ ಸಾಗಿಸುವುದು ಇದರ ಕೆಲಸ. ಮುಂದಿನ ಕಿಣ್ವಗಳೆಲ್ಲ ಸಜ್ಜಾಗಿದ್ದರೂ ಈ ಸಾಗಣೆ ನಡೆಯದಿದ್ದರೆ ಕಾರ್ಟಿಸೋಲ್ ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಡಗ್ಲಸ್ ಸ್ಟಾಕೊ ಅವರ ತಂಡ 1994ರಲ್ಲಿ ಇದನ್ನು ಗುರುತಿಸಿತು. ಈ ಪ್ರೋಟೀನಿನ ವಂಶವಾಹಿ ಕೆಟ್ಟು ಹುಟ್ಟುವ ಶಿಶುಗಳು ಅಪರೂಪಕ್ಕೆ ಸಿಗುತ್ತವೆ. ಅವುಗಳ ಅಡ್ರಿನಲ್ ಕೋಶಗಳಲ್ಲಿ ಕೊಲೆಸ್ಟರಾಲ್ ಗುಡ್ಡೆಯಾಗಿ ಬಿದ್ದಿರುತ್ತದೆ, ಸ್ಟೀರಾಯ್ಡ್ ಮಾತ್ರ ತಯಾರಾಗುವುದಿಲ್ಲ. ಒಂದೇ ಪ್ರೋಟೀನಿನ ಮಹತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಅದೇ ಸಂಕೇತ ಕೋಶಕೇಂದ್ರಕ್ಕೂ ಹೋಗುತ್ತದೆ. ಅಲ್ಲಿ ವಂಶವಾಹಿಗಳ ಮುಂಭಾಗಕ್ಕೆ ಅಂಟಿಕೊಂಡು ಓದುವಿಕೆಯನ್ನು ಏರಿಸುವ ನಿಯಂತ್ರಕ ಪ್ರೋಟೀನ್‌ಗಳಿವೆ. ಅವು ಸಕ್ರಿಯವಾದಾಗ ಸ್ಟಾರ್ ಮತ್ತು ಕಾರ್ಟಿಸೋಲ್ ತಯಾರಿಕೆಯ ಬೇರೆ ಬೇರೆ ಕಿಣ್ವಗಳ ವಂಶವಾಹಿಗಳು ಹೆಚ್ಚು ಓದಲ್ಪಡುತ್ತವೆ. ಈ ಗಂಟೆಯ ಅಗತ್ಯವನ್ನು ಇರುವ ಪ್ರೋಟೀನ್‌ಗಳು ಪೂರೈಸುತ್ತಿದ್ದಂತೆಯೇ ಮುಂದಿನ ಗಂಟೆಗಳ ಸಿದ್ಧತೆ ಹಿಂದೆ ನಡೆಯುತ್ತಿರುತ್ತದೆ.

ಒತ್ತಡವಿಲ್ಲದ ದಿನವೂ ಈ ವಂಶವಾಹಿಗಳು ಸುಮ್ಮನಿರುವುದಿಲ್ಲ. ಹೆಚ್ಚೂಕಡಿಮೆ ಗಂಟೆಗೊಮ್ಮೆ ಎಸಿಟಿಎಚ್ ಅಲೆಯಾಗಿ ಬರುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸ್ಟಾಫರ್ಡ್ ಲೈಟ್‌ಮನ್ ಅವರ ತಂಡ ಇಲಿಗಳಲ್ಲಿ ತೋರಿಸಿದಂತೆ, ಪ್ರತಿ ಅಲೆಗೂ ಅಡ್ರಿನಲ್‌ನ ವಂಶವಾಹಿಗಳ ಓದುವಿಕೆ ಒಮ್ಮೆ ಮೇಲೆದ್ದು ಇಳಿಯುತ್ತದೆ. ಈ ಅಲೆಗಳೆಲ್ಲ ಸೇರಿ ನಮ್ಮಲ್ಲಿ ಬೆಳಗಿನ ಜಾವದಿಂದ ಏರಿ ನಡುರಾತ್ರಿಗೆ ತೀರ ಕೆಳಗಿಳಿಯುವ ದಿನಚರಿಯಾಗುತ್ತದೆ. ಕಾರ್ಟಿಸೋಲ್ ಪರೀಕ್ಷೆಗೆ ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಲು ಹೇಳುವುದು ಇದಕ್ಕಾಗಿಯೇ. ಯಾವ ಹೊತ್ತಿನಲ್ಲಿ ತೆಗೆದದ್ದು ಎಂದು ತಿಳಿಸದ ಒಂದು ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು.

ತಿರುಳು: ಕಾರ್ಟಿಸೋಲಿನಲ್ಲಿ ನೆನೆದ ಕೋಶಗಳು

ಈಗ ಎರಡು ಅಂಗಾಂಶಗಳು ಒಟ್ಟಿಗಿರುವ ಕಾರಣಕ್ಕೆ ಬರೋಣ.

ಅಡ್ರಿನಲಿನ್ ನಾಲ್ಕು ಮೆಟ್ಟಿಲುಗಳಲ್ಲಿ ತಯಾರಾಗುತ್ತದೆ. ಹಾಲು, ಬೇಳೆ, ಮೊಟ್ಟೆಗಳಲ್ಲಿ ಸಿಗುವ ಟೈರೋಸಿನ್ ಎಂಬ ಅಮೈನೊ ಆಮ್ಲ ಮೊದಲು ಡೋಪಾ ಆಗುತ್ತದೆ, ಡೋಪಾ ಡೋಪಮಿನ್ ಆಗುತ್ತದೆ, ಡೋಪಮಿನ್ ನಾರ್‌ಅಡ್ರಿನಲಿನ್ ಆಗುತ್ತದೆ, ಕೊನೆಗೆ ಅದಕ್ಕೊಂದು ಮೀಥೈಲ್ ಗುಂಪು ಸೇರಿದರೆ ಅಡ್ರಿನಲಿನ್. ಈ ಕೊನೆಯ ಮೆಟ್ಟಿಲಿನ ಕಿಣ್ವದ ಹೆಸರು ಚಿಕ್ಕದಾಗಿ ಪಿಎನ್‌ಎಂಟಿ. ನಮ್ಮ ಹೆಚ್ಚಿನ ನರತುದಿಗಳು ನಾರ್‌ಅಡ್ರಿನಲಿನ್‌ನಲ್ಲೇ ನಿಲ್ಲುತ್ತವೆ, ಏಕೆಂದರೆ ಅಲ್ಲಿ ಪಿಎನ್‌ಎಂಟಿ ಇಲ್ಲ. ಅಡ್ರಿನಲ್ ತಿರುಳಿನಲ್ಲಿ ಅದು ಹೇರಳ.

ಅಲ್ಲೇ ಏಕೆ ಹೇರಳ? ಅಮೆರಿಕದ ರಿಚರ್ಡ್ ವುರ್ಟ್‌ಮನ್ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ 1965ರಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ಅವರು ಇಲಿಗಳ ಪಿಟ್ಯುಟರಿ ಗ್ರಂಥಿಯನ್ನು ತೆಗೆದರು. ಎಸಿಟಿಎಚ್ ನಿಂತಿತು, ಹೊರಪದರ ಬಾಡಿತು. ನರಗಳೆಲ್ಲ ಹಾಗೆಯೇ ಇದ್ದರೂ ತಿರುಳಿನಲ್ಲಿ ಪಿಎನ್‌ಎಂಟಿ ಕುಸಿಯಿತು. ಎಸಿಟಿಎಚ್ ಕೊಟ್ಟಾಗ ಅದು ಚೇತರಿಸಿಕೊಂಡಿತು. ಎಸಿಟಿಎಚ್ ಬದಲು ನೇರವಾಗಿ ಸ್ಟೀರಾಯ್ಡ್ ಕೊಟ್ಟಾಗಲೂ ಚೇತರಿಸಿಕೊಂಡಿತು, ಆದರೆ ಪ್ರಮಾಣ ಬಹಳ ದೊಡ್ಡದಾಗಿರಬೇಕಿತ್ತು. ದೇಹದ ಉಳಿದ ಭಾಗಕ್ಕೆ ಸಾಕಾಗುವಷ್ಟು ಸ್ಟೀರಾಯ್ಡ್ ಈ ತಿರುಳಿಗೆ ಸಾಲುತ್ತಿರಲಿಲ್ಲ.

ಈ ಕೊನೆಯ ಅಂಶದಲ್ಲೇ ಗುಟ್ಟಿತ್ತು. ಅಡ್ರಿನಲ್‌ನಲ್ಲಿ ರಕ್ತ ಹೊರಗಿನಿಂದ ಒಳಕ್ಕೆ ಹರಿಯುತ್ತದೆ. ಹೊರಪದರದ ಕೋಶಗಳನ್ನು ತೊಳೆದುಕೊಂಡು, ಅಲ್ಲಿ ಆಗಷ್ಟೇ ತಯಾರಾದ ಕಾರ್ಟಿಸೋಲನ್ನು ಹೊತ್ತು ತಿರುಳಿಗೆ ಇಳಿಯುತ್ತದೆ. ಹೀಗಾಗಿ ತಿರುಳಿನ ಕೋಶಗಳು ಕಾಣುವ ಕಾರ್ಟಿಸೋಲ್ ಪ್ರಮಾಣ, ತೋಳಿನ ರಕ್ತದಲ್ಲಿ ಅಳೆಯುವುದಕ್ಕಿಂತ ಸುಮಾರು ನೂರು ಪಟ್ಟಿನವರೆಗೂ ಹೆಚ್ಚಿರಬಹುದು. ಪಕ್ಕದಲ್ಲೇ ಹೊರಪದರ ಇಲ್ಲದಿದ್ದರೆ ಇದು ಸಾಧ್ಯವಿಲ್ಲ. ಆಕ್ಸೆಲ್‌ರಾಡ್ ಅವರಿಗೆ 1970ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ನರರಾಸಾಯನಿಕಗಳ ಕುರಿತ ಅವರ ಬೇರೆ ಕೆಲಸಕ್ಕೆ. ನನಗಂತೂ ಈ ಪ್ರಯೋಗ ಅಷ್ಟೇ ಸೊಗಸಾದದ್ದು ಎನಿಸುತ್ತದೆ. ಅಂಗರಚನೆಯ ಒಂದು ಹಳೆಯ ಒಗಟನ್ನು ಅದು ರಸಾಯನಶಾಸ್ತ್ರದಿಂದ ಬಿಡಿಸಿತು.

ಕಾರ್ಟಿಸೋಲ್ ಇದನ್ನು ಹೇಗೆ ಮಾಡುತ್ತದೆ ಎಂಬ ವಿವರ ನಂತರದ ದಶಕಗಳಲ್ಲಿ ತಿಳಿಯಿತು. ಕಾರ್ಟಿಸೋಲ್ ಕೋಶದೊಳಗೆ ಸಲೀಸಾಗಿ ನುಗ್ಗುತ್ತದೆ. ಒಳಗೆ ಅದಕ್ಕಾಗಿ ಒಂದು ಗ್ರಾಹಕ ಪ್ರೋಟೀನ್, ಬೇರೆ ಪ್ರೋಟೀನ್‌ಗಳ ಆಸರೆಯಲ್ಲಿ ಕಾದು ಕುಳಿತಿರುತ್ತದೆ. ಕಾರ್ಟಿಸೋಲ್ ಸೇರಿದ ಕೂಡಲೇ ಗ್ರಾಹಕದ ಆಕಾರ ಬದಲಾಗಿ ಅದು ಕೋಶಕೇಂದ್ರಕ್ಕೆ ಸಾಗುತ್ತದೆ. ಪಿಎನ್‌ಎಂಟಿ ವಂಶವಾಹಿಯ ಮುಂಭಾಗದಲ್ಲಿ ಈ ಗ್ರಾಹಕ ಕೂರಲು ತಕ್ಕ ಡಿಎನ್‌ಎ ತಾಣಗಳಿವೆ. ಅಲ್ಲಿ ಕುಳಿತು ಅದು ಓದುವಿಕೆಯನ್ನು ಏರಿಸುತ್ತದೆ. ಒಂಟಿಯಾಗಿ ಅಲ್ಲ, ನರದ ಸಂಕೇತದಿಂದ ಎಚ್ಚರಗೊಂಡ ಇಜಿಆರ್-1 ಮುಂತಾದ ನಿಯಂತ್ರಕ ಪ್ರೋಟೀನ್‌ಗಳೂ ಅಲ್ಲೇ ಬಂದು ಕೂರುತ್ತವೆ. ನರದ ದಾರಿಯ ಸುದ್ದಿಯೂ ರಕ್ತದ ದಾರಿಯ ಸುದ್ದಿಯೂ ಒಂದೇ ವಂಶವಾಹಿಯ ಬಾಗಿಲಲ್ಲಿ ಕೂಡುತ್ತವೆ.

ಇದೆಲ್ಲ ಇಲಿಗಳ ಕತೆ ಎಂದು ಬಿಡುವಂತಿಲ್ಲ. ಹುಟ್ಟಿನಿಂದಲೇ ಕಾರ್ಟಿಸೋಲ್ ತಯಾರಿಕೆಯ ಒಂದು ಕಿಣ್ವ ಇಲ್ಲದ ಮಕ್ಕಳಿರುತ್ತಾರೆ; ಈ ಕಾಯಿಲೆಗೆ ವೈದ್ಯರು ಸಿಎಎಚ್ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೆಬೊರಾ ಮರ್ಕಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಮಕ್ಕಳ ರಕ್ತದಲ್ಲಿ ಅಡ್ರಿನಲಿನ್ ತೀರ ಕಡಿಮೆ ಇತ್ತು, ತಿರುಳಿನ ಬೆಳವಣಿಗೆಯೂ ಸರಿಯಾಗಿರಲಿಲ್ಲ. ಮಾತ್ರೆಯಿಂದ ಸ್ಟೀರಾಯ್ಡ್ ಕೊಟ್ಟರೂ ಅದು ತಿರುಳಿಗೆ ಬೇಕಾದ ಸಾಂದ್ರತೆಯಲ್ಲಿ ತಲುಪುವುದಿಲ್ಲ. ಗಡ್ಡೆಗಳ ವೈದ್ಯರೂ ಇದೇ ನಿಯಮವನ್ನು ಬಳಸಿಕೊಳ್ಳುತ್ತಾರೆ. ಅಡ್ರಿನಲ್ ಒಳಗಿನ ತಿರುಳಿನ ಗಡ್ಡೆ ಅಡ್ರಿನಲಿನ್ ಸುರಿಸಬಲ್ಲದು; ಅದೇ ಬಗೆಯ ಗಡ್ಡೆ ಹೊಟ್ಟೆಯ ಬೇರೆ ಜಾಗದಲ್ಲಿ ಬೆಳೆದರೆ ಸಾಮಾನ್ಯವಾಗಿ ನಾರ್‌ಅಡ್ರಿನಲಿನ್ ಮಾತ್ರ ಸುರಿಸುತ್ತದೆ. ಹಾಗಾಗಿ ಯಾವ ಹಾರ್ಮೋನ್ ಏರಿದೆ ಎಂಬುದೇ ಗಡ್ಡೆ ಎಲ್ಲಿರಬಹುದು ಎಂಬುದಕ್ಕೆ ಸುಳಿವು.

ಒಮ್ಮೆ ಬಂದ ಒತ್ತಡ, ಮತ್ತೆ ಮತ್ತೆ ಬರುವ ಒತ್ತಡ

ನರದ ದಾರಿಯೂ ವಂಶವಾಹಿಗಳನ್ನು ಮುಟ್ಟುತ್ತದೆ ಎಂಬುದಕ್ಕೆ ಪುರಾವೆ 1969ರಲ್ಲಿ ಸಿಕ್ಕಿತು. ಆಕ್ಸೆಲ್‌ರಾಡ್ ಅವರ ಪ್ರಯೋಗಾಲಯದಲ್ಲಿ ಹಾನ್ಸ್ ಥೋನೆನ್ ಮತ್ತು ರಾಬರ್ಟ್ ಮ್ಯೂಲರ್ ಇಲಿಗಳಿಗೆ ರೆಸರ್ಪಿನ್ ಕೊಟ್ಟರು. ಇದು ನಮ್ಮ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ಔಷಧ; ನರತುದಿಗಳ ದಾಸ್ತಾನನ್ನು ಖಾಲಿ ಮಾಡುತ್ತದೆ. ಅಡ್ರಿನಲಿನ್ ತಯಾರಿಕೆಯ ಮೊದಲ ಮೆಟ್ಟಿಲಿನ ಕಿಣ್ವ, ಅಂದರೆ ಟೈರೋಸಿನ್ ಹೈಡ್ರಾಕ್ಸಿಲೇಸ್, ಅಡ್ರಿನಲ್‌ನಲ್ಲಿ ಏರಿತು. ಒಂದು ಬದಿಯ ಗ್ರಂಥಿಗೆ ಹೋಗುವ ನರವನ್ನು ಮೊದಲೇ ಕತ್ತರಿಸಿದ್ದರೆ ಆ ಬದಿಯಲ್ಲಿ ಏರಿಕೆ ಕಾಣಲಿಲ್ಲ. ವಂಶವಾಹಿಯ ನಕಲು ತಯಾರಾಗದಂತೆ ತಡೆಯುವ ಔಷಧ ಕೊಟ್ಟಾಗಲೂ ಏರಿಕೆ ನಿಂತಿತು. ನರದ ಮಿಡಿತ ವಂಶವಾಹಿಯ ಓದುವಿಕೆಯಾಗಿ ಮಾರ್ಪಡುತ್ತದೆ ಎಂಬುದು ಹೀಗೆ ಖಚಿತವಾಯಿತು.

ಇದನ್ನು ಔಷಧವಿಲ್ಲದೆ, ಒತ್ತಡದಿಂದಲೇ ತೋರಿಸಿದವರಲ್ಲಿ ಸ್ಲೊವಾಕಿಯಾದ ಬ್ರಾಟಿಸ್ಲಾವಾದ ರಿಚರ್ಡ್ ಕ್ವೆಟ್ನಾನ್ಸ್‌ಕಿ ಪ್ರಮುಖರು. ಇಲಿಯನ್ನು ಕೆಲವು ಗಂಟೆ ಅಲುಗಾಡದಂತೆ ಕಟ್ಟಿಹಾಕುವುದು ಅವರ ವಿಧಾನ. ನ್ಯೂಯಾರ್ಕ್‌ನ ಎಸ್ತರ್ ಸಬ್ಬಾನ್ ಅವರೊಂದಿಗೆ ನಡೆಸಿದ ಕೆಲಸದಲ್ಲಿ ಕಂಡದ್ದು ಇದು: ಒಂದೇ ಸಲ ಕಟ್ಟಿದರೆ ಟೈರೋಸಿನ್ ಹೈಡ್ರಾಕ್ಸಿಲೇಸ್‌ನ ಸಂದೇಶ ಆರ್‌ಎನ್‌ಎ ಕೆಲವು ಗಂಟೆಗಳಲ್ಲಿ ಏರಿ, ಮರುದಿನಕ್ಕೆ ಬಹುಮಟ್ಟಿಗೆ ಇಳಿಯುತ್ತದೆ, ಕಿಣ್ವದ ಪ್ರಮಾಣದಲ್ಲಿ ಉಳಿಯುವಂಥ ಬದಲಾವಣೆ ಆಗುವುದಿಲ್ಲ. ದಿನವೂ ಕಟ್ಟಿದರೆ ಆರ್‌ಎನ್‌ಎ ಏರಿದಲ್ಲೇ ಉಳಿಯುತ್ತದೆ, ಕಿಣ್ವವೂ ಹೆಚ್ಚುತ್ತದೆ. ಎರಡೂ ಸಂದರ್ಭಗಳಲ್ಲಿ ವಂಶವಾಹಿಯ ಮುಂದೆ ಕೂರುವ ನಿಯಂತ್ರಕ ಪ್ರೋಟೀನ್‌ಗಳೂ ಒಂದೇ ಆಗಿರುವುದಿಲ್ಲ. ಮೊದಲ ದಿನ ಫಾಸ್ ಎಂಬ ಅಲ್ಪಾಯುಷಿ ಪ್ರೋಟೀನ್ ಮೇಲೇಳುತ್ತದೆ. ಒತ್ತಡ ಮರುಕಳಿಸಿದಾಗ ಅದರದೇ ಕುಟುಂಬದ, ಹೆಚ್ಚು ಕಾಲ ಬಾಳುವ ಫ್ರಾ-2 ಮುಂಚೂಣಿಗೆ ಬರುತ್ತದೆ.

ಗ್ರಂಥಿಗೆ ಒಂದು ಬಗೆಯ ನೆನಪಿದೆ ಎನ್ನಬಹುದಾದರೆ ಅದು ಇಲ್ಲಿದೆ. ಹಿಂದಿನ ದಿನಗಳ ಅನುಭವ ಅದರ ಕಿಣ್ವಗಳ ಪ್ರಮಾಣದಲ್ಲಿ ಉಳಿದುಕೊಂಡಿರುತ್ತದೆ, ಹೊಸ ಒತ್ತಡ ಬಂದಾಗ ಹೆಚ್ಚು ಹಾರ್ಮೋನ್ ತಯಾರಿಸಲು ಅದು ಮೊದಲೇ ಸಜ್ಜಾಗಿರುತ್ತದೆ. ದೀರ್ಘ ಒತ್ತಡ ರಕ್ತದೊತ್ತಡಕ್ಕೂ ಹೃದಯಕ್ಕೂ ಹೊರೆಯಾಗುವ ದಾರಿಗಳಲ್ಲಿ ಇದನ್ನೂ ಒಂದೆಂದು ಸಂಶೋಧಕರು ನೋಡುತ್ತಾರೆ. (ಇಲಿಗಳಲ್ಲಿ ಕಾರ್ಟಿಸೋಲ್ ಬದಲು ಕಾರ್ಟಿಕೋಸ್ಟಿರೋನ್ ಎಂಬ ಅದರ ಸಮೀಪದ ಹಾರ್ಮೋನ್ ಕೆಲಸ ಮಾಡುತ್ತದೆ; ಗ್ರಾಹಕ ಮಾತ್ರ ಅದೇ.)

ನಿಲ್ಲಿಸುವ ವ್ಯವಸ್ಥೆ

ಏರಿದ ಕಾರ್ಟಿಸೋಲ್ ಮಿದುಳಿಗೂ ಪಿಟ್ಯುಟರಿಗೂ ತಲುಪಿ, ಅಲ್ಲಿನ ಅದೇ ಗ್ರಾಹಕವನ್ನು ಸೇರಿ, ಸಿಆರ್‌ಎಚ್ ಮತ್ತು ಎಸಿಟಿಎಚ್ ತಯಾರಿಸುವ ವಂಶವಾಹಿಗಳ ಓದುವಿಕೆಯನ್ನು ತಗ್ಗಿಸುತ್ತದೆ. ತಿರುಳಿನಲ್ಲಿ ಏರಿಸುವ ಹಾರ್ಮೋನೇ ಪಿಟ್ಯುಟರಿಯಲ್ಲಿ ಇಳಿಸುತ್ತದೆ. ವಂಶವಾಹಿ ಯಾವುದು, ಕೋಶ ಯಾವುದು, ಜೊತೆಗೆ ಯಾವ ಪ್ರೋಟೀನ್‌ಗಳಿವೆ ಎಂಬುದರ ಮೇಲೆ ಫಲ ಬದಲಾಗುತ್ತದೆ. ಆದ್ದರಿಂದ ಕಾರ್ಟಿಸೋಲ್ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಗ್ರಂಥಿ ದಣಿಯುತ್ತದೆಯೇ?

ಒತ್ತಡ ಹೆಚ್ಚಾಗಿ ಅಡ್ರಿನಲ್ ಬರಿದಾಗುತ್ತದೆ ಎಂಬುದು ‘ಅಡ್ರಿನಲ್ ಫಟೀಗ್’ ವಾದ. ಮೇಲೆ ನೋಡಿದ ಪ್ರಯೋಗಗಳು ತೋರಿಸುವುದು ಇದಕ್ಕೆ ತಿರುಗಾಮುರುಗಾ: ಒತ್ತಡ ಮುಂದುವರಿದಾಗ ಗ್ರಂಥಿ ಹಿಗ್ಗುತ್ತದೆ, ಕಿಣ್ವಗಳು ಹೆಚ್ಚುತ್ತವೆ. ಬ್ರೆಜಿಲ್‌ನ ಇಬ್ಬರು ವೈದ್ಯರು 2016ರಲ್ಲಿ 58 ಅಧ್ಯಯನಗಳನ್ನು ಪರಿಶೀಲಿಸಿ, ಇಂಥದೊಂದು ಕಾಯಿಲೆ ಇದೆ ಎನ್ನಲು ಆಧಾರವಿಲ್ಲ ಎಂದು ತೀರ್ಮಾನಿಸಿದರು.

ಅಡ್ರಿನಲ್ ನಿಜವಾಗಿಯೂ ಸೋಲುವ ಕಾಯಿಲೆ ಬೇರೆಯೇ ಇದೆ. ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಅದನ್ನು ವಿವರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ನಾಶಮಾಡುವುದು ಅಥವಾ ಕ್ಷಯದಂಥ ಸೋಂಕು ಅದಕ್ಕೆ ತಗಲುವುದು ಕಾರಣ. ಭಾರತದಲ್ಲಿ ಕ್ಷಯ ಇಂದಿಗೂ ಮುಖ್ಯ ಕಾರಣಗಳಲ್ಲಿ ಒಂದು. ಬಿಡದ ಸುಸ್ತು, ತೂಕ ಇಳಿಯುವುದು, ಎದ್ದುನಿಂತಾಗ ತಲೆಸುತ್ತು, ಉಪ್ಪಿನ ಬಯಕೆ, ಒಸಡು ಮತ್ತು ಅಂಗೈ ಗೆರೆಗಳು ಕಪ್ಪಾಗುವುದು ಇದರ ಲಕ್ಷಣಗಳು. ಇಂಥವರು ಪುಡಿ ತಿನ್ನುತ್ತ ಕೂರುವುದು ಪ್ರಾಣಕ್ಕೇ ಅಪಾಯ.

ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ಏಕೆ ನಿಲ್ಲಿಸಬಾರದು

ಈ ವಿಜ್ಞಾನ ಸಾಮಾನ್ಯ ಮನೆಗಳಿಗೆ ನೇರವಾಗಿ ತಾಗುವುದು ಇಲ್ಲಿ. ಆಸ್ತಮಾ, ಸಂಧಿವಾತ, ಚರ್ಮರೋಗಗಳಿಗೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮುಂತಾದವು ಕಾರ್ಟಿಸೋಲಿನ ಗ್ರಾಹಕವನ್ನೇ ಸೇರುತ್ತವೆ. ಮಾತ್ರೆಯಿಂದ ಬಂದದ್ದೋ ಗ್ರಂಥಿಯಿಂದ ಬಂದದ್ದೋ ಎಂದು ಪಿಟ್ಯುಟರಿಗೆ ತಿಳಿಯದು. ಅದು ಎಸಿಟಿಎಚ್ ಇಳಿಸುತ್ತದೆ. ವಾರಗಟ್ಟಲೆ ಎಸಿಟಿಎಚ್ ಇಲ್ಲದಿದ್ದರೆ ಹೊರಪದರದಲ್ಲಿ ಕಾರ್ಟಿಸೋಲ್ ತಯಾರಿಸುವ ವಂಶವಾಹಿಗಳ ಓದುವಿಕೆ ಕುಗ್ಗುತ್ತದೆ, ಆ ಪದರವೇ ತೆಳುವಾಗುತ್ತದೆ. ಆಲ್ಡೋಸ್ಟಿರೋನ್ ತಯಾರಿಸುವ ಪದರ ಮಾತ್ರ ಬೇರೆ ಸಂಕೇತಗಳನ್ನು ಅವಲಂಬಿಸಿರುವುದರಿಂದ ಬಹುಮಟ್ಟಿಗೆ ಉಳಿಯುತ್ತದೆ.

ಈ ಸ್ಥಿತಿಯಲ್ಲಿ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಒಳಗಿನಿಂದಲೂ ಕಾರ್ಟಿಸೋಲ್ ಇಲ್ಲ, ಹೊರಗಿನಿಂದಲೂ ಇಲ್ಲ. ರಕ್ತದೊತ್ತಡ ಕುಸಿಯಬಹುದು, ವಾಂತಿ, ತೀವ್ರ ನಿತ್ರಾಣ, ಪ್ರಜ್ಞೆ ತಪ್ಪುವುದು ಆಗಬಹುದು. ಅದಕ್ಕಾಗಿಯೇ ಮೂರು-ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಪಿಟ್ಯುಟರಿ ಮೊದಲು ಚೇತರಿಸಿಕೊಂಡು, ಎಸಿಟಿಎಚ್ ಮತ್ತೆ ಹರಿದು, ಹೊರಪದರದ ಕೋಶಗಳು ತಮ್ಮ ಕಿಣ್ವಗಳನ್ನು ಮರಳಿ ಕಟ್ಟಿಕೊಳ್ಳಲು ಕೆಲವರಿಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಜೋರು ಜ್ವರ ಬಂದರೆ, ಅಪಘಾತವಾದರೆ, ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ ಸ್ಟೀರಾಯ್ಡ್ ತೆಗೆದುಕೊಂಡ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಆ ದಿನಗಳಿಗೆ ಬೇಕಾದ ಹೆಚ್ಚುವರಿ ಪ್ರಮಾಣವನ್ನು ಅವರು ಮಾತ್ರೆಯಲ್ಲೋ ಇಂಜೆಕ್ಷನ್‌ನಲ್ಲೋ ಕೊಡುತ್ತಾರೆ.